ತಪಾಸಣೆಯ ಕಂಬಳಿ

ತಪಾಸಣೆಗೆ ಬಂದಿದ್ದ ಸಾಹೇಬರ ಸಾರೋಟು ಗೇಟು ದಾಟಿ ಹೊರಬಿದ್ದದ್ದೇ ತಡ, ಮೇಟ್ರನ್ ಓಲ್ಡ್‌ರಾಯ್ಡ್ ಗತಿಗೆಟ್ಟವರ ದುಡಿಮೆಮನೆಯ ಹೆಂಗಸರ ವಾರ್ಡಿಗೆ ನುಗ್ಗಿದಳು.

"ಹೆಪ್ಸಿ, ಸಾಹೇಬರಿಗೆ ತೋರಿಸೋಕೆ ಹೊದಿಸಿದ ಹೊಸ ಕಂಬಳಿ ಎಲ್ಲಾ ತೆಗಿ. ಮಡಚಿ ಉಗ್ರಾಣಕ್ಕೆ ಕಳಿಸು. ನಡಿ, ನಡಿ!"

ಯಾರ್ಕ್‌ಶೈರಿನ ಚಳಿ. ಕಿಟಕಿ ಗಾಜಿನ ಒಳಮೈಯಲ್ಲೂ ಹಿಮ ಕಟ್ಟಿತ್ತು. ಹೆಪ್ಸಿ ಸಂಬಳದ ದಾದಿಯಲ್ಲ. ಗಂಡ ಸತ್ತ ಮೇಲೆ ಗತಿಯಿಲ್ಲದೆ ಇಲ್ಲಿಗೆ ಬಂದು ಸೇರಿದವಳು. ಟಾರು ಮೆತ್ತಿದ ಹಳೇ ಹಡಗಿನ ಹಗ್ಗವನ್ನು ನಾರುನಾರಾಗಿ ಬಿಡಿಸಿ ಬಿಡಿಸಿ ಬೆರಳು ಸೀಳಿಕೊಂಡಿದ್ದವಳಿಗೆ ವಾರ್ಡಿನ ಕೆಲಸ, ಒಲೆಯ ಪಕ್ಕದ ಹಾಸಿಗೆ ಸಿಕ್ಕಿದ್ದೇ ದೊಡ್ಡದಾಗಿತ್ತು. ಅವಳು ಬಾಯಿಮುಚ್ಚಿಕೊಂಡು ಕಂಬಳಿಗಳನ್ನು ಎಳೆಯುತ್ತ ಬಂದಳು. ಟ್ಯಾಬಿತಾಳ ಮಂಚದ ಬಳಿ ಕಾಲು ನಿಂತಿತು. ಗಿರಣಿಯ ಹುಡುಗಿ, ಎದೆಯಲ್ಲಿ ಕಫ ಕಟ್ಟಿ ಜ್ವರ. ಕಂಬಳಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಇವಳನ್ನ ಬೆಚ್ಚಗಿಡು ಅಂತ ಡಾಕ್ಟರು ಹೇಳಿದಾರೆ ಅಮ್ಮಾವ್ರೆ."

"ಡಾಕ್ಟರು ಹೇಳ್ತಾರೆ, ಹೋಗ್ತಾರೆ. ಖರ್ಚಿನ ಲೆಕ್ಕ ಕೇಳೋ ಕಮಿಟಿಯವರ ಕೈಲಿ ಅನ್ನಿಸಿಕೊಳ್ಳೋಳು ನಾನು. ಮುಂದಿನ ಸಲಕ್ಕೆ ಹೊಸಾದು ನಿಮ್ಮಪ್ಪ ತಂದುಕೊಡ್ತಾನಾ?"

"ಬೇಡ ಹೆಪ್ಸಕ್ಕಾ..." ಎಂದಳು ಟ್ಯಾಬಿತಾ. ಮುಂದಿನ ಮಾತನ್ನು ಕೆಮ್ಮು ನುಂಗಿತು.

ಹೆಪ್ಸಿ ಆ ಕಡೆ ಈ ಕಡೆ ನೋಡಿದಳು. ಗೂಡಿನಲ್ಲಿ ಕ್ಷಯದವರಿಗೆ ಕುಡಿಸುವ ಮೀನೆಣ್ಣೆಯ ಬಾಟಲಿ ಇತ್ತು. ತೆಗೆದು, ಬಿರಡೆ ಕಿತ್ತು, ಟ್ಯಾಬಿತಾಳ ಕಂಬಳಿಯ ಕಾಲ ತುದಿಗೆ ಗಳಗಳನೆ ಸುರಿದುಬಿಟ್ಟಳು. ವಾರ್ಡಿಡೀ ಕೊಳೆತ ಮೀನಿನ ನಾತ ಎದ್ದಿತು.

"ಅಯ್ಯೋ, ಕೈ ಜಾರಿತು."

ಮೇಟ್ರನ್ ಸೆರಗಂಚಿನಂತೆ ಏಪ್ರನ್ ಎತ್ತಿ ಮೂಗಿಗೆ ಹಿಡಿದಳು. "ಜಾರಿತಾ? ನಾಳೆಯಿಂದ ಹಗ್ಗ ಬಿಡಿಸೋಕೆ ಹೋಗು. ಅಲ್ಲಿ ಹೆಂಗೆ ಜಾರತ್ತೋ ನೋಡ್ತೀನಿ."

"ಆಗಲಿ. ಈ ಕಂಬಳಿ ಏನ್ ಮಾಡ್ಲಿ?"

"ಆ ಗಬ್ಬನ್ನ ಉಗ್ರಾಣದಲ್ಲಿ ಇಡೋಕಾಗತ್ತಾ? ಬಿದ್ದಿರಲಿ ಅಲ್ಲೇ!"

ಹೆಪ್ಸಿ ಕಂಬಳಿಯನ್ನು ಹುಡುಗಿಯ ಕತ್ತಿನವರೆಗೆ ಎಳೆದು ಒತ್ತಿದಳು. ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಮುಷ್ಟಿ ಕಟ್ಟಿಕೊಂಡಳು.

ಮೇಟ್ರನ್ ಅಷ್ಟರಲ್ಲಿ ಪಕ್ಕದ ಮಂಚದ ಕಂಬಳಿಗೆ ತಾನೇ ಕೈ ಹಾಕಿದ್ದಳು. ಅದರೊಳಗಿದ್ದ ಬೊಚ್ಚುಬಾಯಿಯ ಮುದುಕಿ ಅವಳತ್ತ ತಿರುಗಿಯೂ ನೋಡದೆ ಕೂಗಿ ಕೇಳಿದಳು:

"ಹೆಪ್ಸಿ, ಬಾಟ್ಲೀಲಿ ಇನ್ನೊಂಚೂರು ಉಳಿದಿದೆಯೇನೇ?"