ಅಟ್ಟದ ಮೇಲಿನ ಮಾತು

"ಮೂಡ್ಲ ಕಡೆ ಕಿಟಕಿ ಐತೆ. ಮಷೀನ್ ಅಲ್ಲೇ ಇಟ್ಕೊ. ಬೆಳಕು ಚೆನ್ನಾಗಿ ಬೀಳುತ್ತೆ."

ಅಟ್ಟದ ಮೇಲಿಂದ ಮಗಳ ಪಿಸುದನಿ. ಏಣಿ ಹತ್ತಲು ಹೊರಟಿದ್ದ ಕರಿಯಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ.

"ಡಿಗ್ರಿ ಕೊನೇ ಪೇಪರ್ ಮುಗುದ್ ದಿನಾನೇ ಹೋಗ್ಬುಡಾಣ. ನಾನು ಕೆಲ್ಸಕ್ಕೆ ಹೋಗ್ತೀನಿ, ನೀನು ಹೊಲಿ. ಬೆಳಿಗ್ಗೆ ಎಷ್ಟೊತ್ಗಾದ್ರೂ ಏಳು, ಯಾರೂ ಕೇಳಲ್ಲ. ಭಾನುವಾರ ಒಲೆ ಹಚ್ಚೋದೇ ಬ್ಯಾಡ, ಹೋಟ್ಲಲ್ಲಿ ಮಸಾಲೆ ದೋಸೆ. ಅಪ್ಪಂಗೆ ಮಾತ್ರ ಗೊತ್ತಾಗ್ಬಾರ್ದು."

ನಡುನಡುವೆ ಲೊಡಕ್ ಲೊಡಕ್ ಎಂದು ಕಾಯಿ ಅಲ್ಲಾಡಿಸುವ ಸದ್ದು. ಎದೆ ಹೊಡೆದುಕೊಳ್ಳುತ್ತಿದ್ದರೂ ಕರಿಯಪ್ಪನ ಕಿವಿ ತನ್ನ ಕೆಲಸ ಬಿಡಲಿಲ್ಲ. ನೀರು ಇಂಗಿದೆ, ಕೊಬ್ಬರಿ ಒಳಗೇ ಚಿಪ್ಪು ಬಿಟ್ಟಿದೆ. ಹೊರಗಿನಿಂದ ಎಷ್ಟು ನೋಡಿದರೂ ಅದು ತಿಳಿಯುವುದಿಲ್ಲ, ಅಲ್ಲಾಡಿಸಿ ಕೇಳಬೇಕು. ಹೊನ್ನವಳ್ಳಿಯಲ್ಲಿ ಆ ಸದ್ದು ತನ್ನಷ್ಟು ಬಲ್ಲವರಿಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ.

"ಯಾರೇ ಅದು ಮ್ಯಾಲೆ?"

"ನಾನು ಕಣಪ್ಪ. ಕಾಯಿ ನೋಡ್ತಿದ್ದೆ."

ಯೋಗಿತಾ ಇಳಿದು ಬಂದಳು. ಕೈಯಲ್ಲಿ ಫೋನು ಕಾಣಲಿಲ್ಲ. ಎಲ್ಲೋ ಸಿಕ್ಕಿಸಿಕೊಂಡಿದ್ದಾಳೆ, ಕಿಲಾಡಿ. ಬೈಯಲು ಬಾಯಿ ತೆರೆದವನು ತಡೆದುಕೊಂಡ. ಈಗ ಬೈದರೆ ಎಚ್ಚೆತ್ತುಕೊಳ್ಳುತ್ತಾಳೆ. ಇಂಥವರನ್ನು ಜೋಡಿಯಾಗಿಯೇ ಹಿಡಿಯಬೇಕು.

ಹೊಲಿಯುವವನು ಯಾರು? ತುಂಬ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಬಸ್ ನಿಲ್ಲುವ ಕಡೆ ಟೈಲರ್ ಜ್ಞಾನೇಶನ ಅಂಗಡಿ. ಕಾಲೇಜಿಗೆ ಹೋಗುವಾಗ ಯೋಗಿತಾ ಅಲ್ಲಿ ನಕ್ಕಿದ್ದನ್ನು ಒಮ್ಮೆ ಕರಿಯಪ್ಪನೇ ಕಂಡಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ನೇರ ಹೋಗಿ ಅಂಗಡಿಯ ಮುಂದೆ ದುರುಗುಟ್ಟಿಕೊಂಡು ನಿಂತ.

"ಏನ್ ಹೊಲಿಬೇಕಿತ್ತು ಯಜಮಾನ್ರೆ?" ಎಂದ ಜ್ಞಾನೇಶ್.

ನಿನ್ನ ಬಾಯಿ, ಎಂದುಕೊಂಡ ಕರಿಯಪ್ಪ.

ಹೊಲಿಗೆ ಎಂದರೆ ಅವನಿಗೆ ಮೊದಲಿಂದಲೂ ಆಗದು. ಹೆಂಡತಿ ತವರಿಂದ ತಂದ ಮಷೀನನ್ನೂ ಮದುವೆಯಾದ ವರ್ಷವೇ ಗೋಣಿ ಸುತ್ತಿ ಮೂಲೆಗೆ ಹಾಕಿಸಿದ್ದ. ಊರವರ ರವಿಕೆ ಹೊಲಿಯುವ ಗತಿ ತನ್ನ ಮನೆಗೆ ಬಂದಿಲ್ಲ ಎಂದಿದ್ದ. ಈಗ ಮಗಳೇ ಅಂಥವನ ಹಿಂದೆ! ಸಂಪಿಗೆ ಊರಿನ ಗಂಡಿನ ಸಂಬಂಧಕ್ಕೆ ಮಾತು ಕೊಟ್ಟಾಗಿತ್ತು. ಪರೀಕ್ಷೆ ಮುಗಿದ ಮೇಲೆ ಅವರು ಬರುವವರಿದ್ದರು. ಹುಡುಗಿಯನ್ನು ಕೇಳಿದೆಯಾ ಎಂದರೆ, ಕೇಳುವುದೇನು, ಹೇಳುವುದು ತಾನೇ ಎನ್ನುವ ಪೈಕಿ ಅವನು. ಆದರೂ ಅವನಿಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಇರುವವಳು ಒಬ್ಬಳೇ ಮಗಳು.

ಮನೆಗೆ ಬಂದಾಗ ಹೆಂಡತಿ ಚಿಕ್ಕಗೌರಮ್ಮ ತಲೆಗೆ ಮೆತ್ತಿದ್ದ ಜೇಡರ ಬಲೆ ತೆಗೆದುಕೊಳ್ಳುತ್ತಾ ಟೀಗೆ ನೀರಿಟ್ಟಿದ್ದಳು. ಕರಿಯಪ್ಪ ದನಿ ತಗ್ಗಿಸಿ ಎಲ್ಲ ಹೇಳಿದ.

"ನಿನ್ ಮಗಳು ಓಡೋಗಕ್ಕೆ ಹೊಂಚಾಕವ್ಳೆ ಕಣೇ."

ಸಕ್ಕರೆ ಹಾಕುತ್ತಿದ್ದ ಕೈ ನಿಂತಿತು.

"ಅವಳು ಯಾವ ಹುಡುಗನ ಜೊತೇಲೂ ಓಡೋಗಲ್ಲ. ಆ ಮಾತು ನಾನು ಕೊಡ್ತೀನಿ."

"ನೀನೇನ್ ಕಂಡೆ? ಎಲ್ಲದುಕ್ಕೂ ಡಿಗ್ರಿ ಒಂದು ಮುಗೀಲಿ, ಡಿಗ್ರಿ ಒಂದು ಮುಗೀಲಿ ಅಂತ ನೀನೇ ತಡೆದೆ. ಕೊನೇ ಪರೀಕ್ಷೆ ದಿನ ನಾನೇ ತಿಪಟೂರಿಗೆ ಹೋಗಿ ಕಾಲೇಜ್ ಗೇಟಲ್ಲಿ ನಿಂತ್ಕತೀನಿ."

"ನಿಂತ್ಕಳಿ" ಎಂದಳು ಚಿಕ್ಕಗೌರಮ್ಮ. "ಬೆಳಿಗ್ಗೆನೇ ಹೋಗಿ. ಮನೆ ಕಡೆ ಯೋಚ್ನೆ ಬುಡಿ."

ಅವನು ಹಾಗೇ ಮಾಡಿದ. ಪರೀಕ್ಷೆ ಶುರುವಾಗುವ ಮೊದಲೇ ಹೋಗಿ ಗೇಟಿನ ಎದುರು ಬೈಕ್ ನಿಲ್ಲಿಸಿಕೊಂಡು, ಒಳಗೆ ಹೋಗುವ ಹುಡುಗರ ಮುಖವನ್ನೆಲ್ಲ ಅಳೆದ. ಮೂತ್ರಕ್ಕೂ ಕದಲಲಿಲ್ಲ.

ಗಂಟೆ ಹೊಡೆಯಿತು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಅತ್ತು, ಫೋಟೊ ತೆಗೆದುಕೊಂಡರು. ಯೋಗಿತಾ ಮಾತ್ರ ನಿಲ್ಲಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ತಿರುಗದೆ ಹಿಂದಿನ ಬೀದಿಗೆ ನುಗ್ಗಿದಳು. ಕರಿಯಪ್ಪ ಬೈಕ್ ಅಲ್ಲೇ ಬಿಟ್ಟು ಹಿಂಬಾಲಿಸಿದ.

ಎರಡು ತಿರುವು ದಾಟಿ ಒಂದು ಪುಟ್ಟ ಹೆಂಚಿನ ಮನೆ. ಮೂಡಲಿಗೆ ಕಿಟಕಿ. ಮುಂದೆ ಲಗೇಜ್ ಆಟೊ. ಆಟೊದಲ್ಲಿ ಸುತ್ತಿದ ಚಾಪೆ, ಎರಡು ಪಾತ್ರೆ ಚೀಲ, ಗೋಣಿ ಹೊದಿಸಿದ ಹೊಲಿಗೆ ಮಷೀನು.

ಯೋಗಿತಾ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ನಗು ಕೇಳಿಸಿತು, ಇಬ್ಬರದು.

ಕರಿಯಪ್ಪನ ಕಣ್ಣು ಕತ್ತಲಿಟ್ಟಿತು. ಎರಡೂ ಕೈಯಿಂದ ಬಾಗಿಲು ಬಡಿದ.

"ಬಾರಲಾ ಈಚೆಗೆ! ನನ್ನ ಮನೆ ಮುರಿಯಕ್ಕೆ ಬಂದೋನು ಯಾವನಲಾ ನೀನು?"

ಚಿಲಕ ಸರಿಯಿತು. ಸೆರಗು ಸಿಕ್ಕಿಸಿಕೊಂಡು, ಸೊಂಟದಲ್ಲಿ ಹೊಸ ಬೀಗದಕೈ ತೂಗುಹಾಕಿಕೊಂಡು ಹೊಸ್ತಿಲಲ್ಲಿ ನಿಂತವಳು ಚಿಕ್ಕಗೌರಮ್ಮ.

"ಎಮ್ಮೆಗೆ ಹುಲ್ಲು ಹಾಕಿ ಬಂದಿದೀನಿ" ಎಂದಳು. "ಅಟ್ಟದ ಕಾಯೆಲ್ಲ ಅವತ್ತೇ ಅಲ್ಲಾಡ್ಸಿ ನೋಡಿದ್ದೆ, ಒಣಗವೆ. ಇಳಿಸ್ಕಳಿ."