ಬಾಳೆಗುಂಡಿಯ ನೀರು

ಮೊಣಕಾಲಾಳದ ಬಾಳೆಗುಂಡಿಯಲ್ಲಿ ಒಸರಿದ ನೀರಿಗೆ ಬೆರಳದ್ದಿ ಲೀಲಾಧರ ನಾಲಗೆಗಿಟ್ಟುಕೊಂಡ. ಉಪ್ಪು. ಜೆಪ್ಪುವಿನ ಈ ಹಿತ್ತಲಿಗೂ ಹೊಳೆಗೂ ನಡುವೆ ಒಂದು ಗೋಡೆ ಮಾತ್ರ. ಬೇಸಗೆಯಲ್ಲಿ ಸಮುದ್ರದ ನೀರು ಹೊಳೆಗೆ ಏರಿಬರುವುದು ಅವನಿಗೆ ಗೊತ್ತಿತ್ತು; ಗೋಡೆಯ ಅಡಿಯಿಂದ ಹಿತ್ತಲೊಳಗೇ ಬಂದೀತೆಂದು ಗೊತ್ತಿರಲಿಲ್ಲ.

ಎಲೆಯಂಚು ಸುಟ್ಟು ಬಾಳೆಗಳು ಸತ್ತಾಗಲೆಲ್ಲ "ಮಣ್ಣಲ್ಲಿ ಸಾರ ಇಲ್ಲ" ಎಂದು ಹಟ್ಟಿಗೊಬ್ಬರ ಸುರಿಯುತ್ತಲೇ ಬಂದಿದ್ದ. ಈ ಸಲದ್ದು ವರ್ಷವಿಡೀ ಕೊಳೆಸಿ ಮಾಗಿಸಿದ್ದು, ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವಂಥದ್ದು. ಅದರ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೆಂಡತಿ ಹರಿಣಾಕ್ಷಿ ಗುಂಡಿಯ ಅಂಚಿನಲ್ಲಿ ನಿಂತಿದ್ದಳು.

"ಅದೆಂತ ಬಾಯಿಗೆ ಹಾಕಿದ್ದು ನೀವು?"

ಅವನು ಬೆರಳನ್ನು ಲುಂಗಿಗೆ ಒರೆಸಿಕೊಂಡ. "ಎಂತ ಇಲ್ಲ ಮಾರಾಯ್ತಿ. ನೀರು ಒಳ್ಳೆದುಂಟು. ಗೊಬ್ಬರ ಹಾಕು, ಈ ಸಲ ಗೊನೆ ಬರ್ತದೆ."

ಅವಳು ಬುಟ್ಟಿ ಮಗುಚಿದಳು. ಕಪ್ಪು ಗೊಬ್ಬರ ಸದ್ದಿಲ್ಲದೆ ನೀರು ಕುಡಿದು ಕುಸಿಯಿತು.

"ಬಿಸು ಹಬ್ಬ ಕಳೆದ ಮೇಲೆ ನಾನು ಗಂಜಿಗೆ ಉಪ್ಪೇ ಹಾಕಲಿಲ್ಲ," ಎಂದಳು ಹರಿಣಾಕ್ಷಿ, ಖಾಲಿ ಬುಟ್ಟಿಯನ್ನು ಕೊಡವುತ್ತ. "ನಮ್ಮ ಬಾವಿಯ ನೀರೇ ಸಾಕಾಗ್ತದೆ. ನಿಮಗೆ ಗೊತ್ತೇ ಆಗ್ಲಿಲ್ಲ."