ಇಂಥ ಏಟಿಗೆ ಎಷ್ಟು?

"ಇನ್ನೊಂದ್ಸಲ ಹಾಕಿ," ಎಂದ ಆರೆಸ್ಟ್.

ಲಾರ್ನ್ ಪೆಟ್ರಿ ವಿಡಿಯೊವನ್ನು ಹಿಂದಕ್ಕೆ ಓಡಿಸಿದ. ಪರದೆಯ ತುಂಬ ಐಸ್ ಹಾಕಿಯ ಬಿಳಿ ಮಂಜುಗಡ್ಡೆ. ಅಂಕಣದ ಅಂಚಿನಲ್ಲಿ ಒಬ್ಬ ಆಟಗಾರ ತಲೆ ತಗ್ಗಿಸಿ, ಹಲಗೆಗೋಡೆಗೆ ಸಿಕ್ಕಿಕೊಂಡ ರಬ್ಬರ್ ಬಿಲ್ಲೆ ‘ಪಕ್’ ಅನ್ನು ಕೋಲಿನಿಂದ ಕೆದಕುತ್ತಿದ್ದಾನೆ. ದೂರದಿಂದ ಇನ್ನೊಬ್ಬ ಸ್ಕೇಟುಗಳ ಮೇಲೆ ನುಗ್ಗಿ ಬರುತ್ತಾನೆ. ಭುಜ ನೇರ ತಲೆಗೆ. ಹೆಲ್ಮೆಟ್ ಕಳಚಿ ಹಾರುತ್ತದೆ.

ಬಿದ್ದವನು ಆರೆಸ್ಟ್‌ನ ತಮ್ಮ ಡಾನಿಲೊ, ಅವನದೇ ತಂಡದ ಆಟಗಾರ. ಹೊಡೆದವನು ಎದುರಾಳಿ ತಂಡದ ಬ್ರಾಂಟ್ ಕೀಹೋ, ಇಡೀ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆಯುವವನು. ಅವನು ಮೇಜಿನ ಆ ಬದಿಯಲ್ಲಿ ಸೂಟು ತೊಟ್ಟು, ತನ್ನ ಬೂಟನ್ನೇ ನೋಡುತ್ತ ಕುಳಿತಿದ್ದ.

ಆರೆಸ್ಟ್‌ಗೆ ಏನೂ ಅನ್ನಿಸಲಿಲ್ಲ. ಆ ಪಂದ್ಯದಿಂದ ಈಚೆಗೆ ಹಾಗೇ ಆಗಿತ್ತು. ಕೈಗವಸು ಮರೆತು ಹೊರಗೆ ಹೋದಾಗ ಬೆರಳು ಮರಗಟ್ಟುತ್ತದಲ್ಲ, ಮೈಯೆಲ್ಲ ಹಾಗೆ.

ಲೀಗಿನ ಪರವಾಗಿ ಅಪಾಯಕಾರಿ ಏಟುಗಳಿಗೆ ಶಿಕ್ಷೆ ವಿಧಿಸುವುದು ಪೆಟ್ರಿಯ ಕೆಲಸ. ಅದಕ್ಕಾಗಿ ಬೈಸಿಕೊಳ್ಳುವುದೂ ಅವನದೇ ಕೆಲಸ. ಒಂದೇ ತರದ ಏಟಿಗೆ ಒಬ್ಬನಿಗೆ ಹತ್ತು ಪಂದ್ಯ ನಿಷೇಧ, ಇನ್ನೊಬ್ಬನಿಗೆ ಒಂದು. ಪೆಟ್ರಿ ಜೂಜಿನ ಚಕ್ರ ತಿರುಗಿಸುತ್ತಿರುವ ವ್ಯಂಗ್ಯಚಿತ್ರ ಟೊರೊಂಟೊದ ಪತ್ರಿಕೆಯೊಂದರಲ್ಲಿ ಬಂದಿತ್ತು.

"ನಿನ್ನ ತಮ್ಮ ಮಾತಾಡೋ ಸ್ಥಿತೀಲಿಲ್ಲ. ಅವನ ಪರವಾಗಿ ನೀನೇ ಹೇಳಪ್ಪ," ಎಂದ ಪೆಟ್ರಿ. "ಇಪ್ಪತ್ತು ಪಂದ್ಯ ಅಂತ ನನ್ನ ಮನಸ್ಸಲ್ಲಿದೆ. ಅಲ್ಲಿಗೆ ಕೀಹೋಗೆ ಈ ವರ್ಷದ ಆಟ ಮುಗೀತು."

"ನವೆಂಬರಲ್ಲಿ ಇಂಥದೇ ಏಟಿಗೆ ಎಷ್ಟು ಕೊಟ್ರಿ ಸರ್?"

"ಎರಡು. ಆದ್ರೆ ಆ ಹುಡುಗ ಎದ್ದು ಆಡಿದ್ನಲ್ಲ."

"ಅಂದ್ರೆ ನೀವು ಶಿಕ್ಷೆ ಕೊಡೋದು ಏಟಿಗಲ್ಲ, ಗಾಯಕ್ಕೆ. ನನ್ನ ತಮ್ಮನ ತಲೆ ಗಟ್ಟಿ ಇದ್ದಿದ್ರೆ ಇವನಿಗೆ ಎರಡೇ ಆಗ್ತಿತ್ತು."

ಪೆಟ್ರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಕೀಹೋ ತಲೆಯೆತ್ತಿದ.

"ಎರಡೇ ಕೊಡಿ," ಎಂದ ಆರೆಸ್ಟ್. "ಇವನಿಗೆ ಮಾತ್ರ ಅಲ್ಲ. ಇನ್ಮೇಲೆ ಇಂಥ ಏಟಿಗೆ ಎರಡು ಅಂತ ಎಲ್ಲರ ಮುಂದೆ ಹೇಳಿಬಿಡಿ. ಹೊಡೆದವನು ಯಾರೇ ಆಗ್ಲಿ, ಬಿದ್ದವನು ಏಳ್ಲಿ ಬಿಡ್ಲಿ. ಆಮೇಲೆ ಮಾತು ಬದಲಾಯಿಸ್ಬಾರ್ದು."

"ಬಿದ್ದವನ ಅಣ್ಣನೇ ಹೀಗಂದ್ರೆ ನನ್ನನ್ನ ಬಯ್ಯೋರು ಯಾರು!" ಪೆಟ್ರಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಕಳೆ ಬಂತು.

ಹೊರಗೆ ಕೀಹೋ ಆರೆಸ್ಟ್‌ನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು. "ನಾನು ಬೇಕಂತ ಮಾಡಿದ್ದಲ್ಲ, ಗುರು."

"ಇರ್ಲಿ ಬಿಡು. ಬೇಗ ವಾಪಸ್ ಬಾ. ನೀನಿಲ್ದಿದ್ರೆ ಆಟ ಸಪ್ಪೆ."

ಆರೆಸ್ಟ್‌ನ ತಾಯಿ ಸ್ಟೆಫಾನಿಯಾಗೆ ಈ ಸುದ್ದಿ ಗೊತ್ತಾಗಿದ್ದು ಸ್ಯಾಸ್ಕಟೂನಿನ ಆಸ್ಪತ್ರೆಯ ಟಿವಿಯಿಂದ. ಆರೆಸ್ಟ್ ಅಲ್ಲಿಗೆ ಹೋದಾಗ ಅವಳು ಡಾನಿಲೊಗೆ ಬೀಟ್‌ರೂಟ್ ಸಾರು ಕುಡಿಸುತ್ತಿದ್ದಳು. ಸಾರು ತುಟಿಯಂಚಿನಿಂದ ಗದ್ದಕ್ಕೆ ಇಳಿಯುತ್ತಿತ್ತು.

"ಚಮಚ ಬಾಯಿಗಿಟ್ರೆ ಬಾಯಿ ಮುಚ್ಬೇಕು ಅನ್ನೋದೂ ಮರೆತಿದಾನೆ," ಎಂದಳು, ತಿರುಗಿ ನೋಡದೆ. "ಇದಕ್ಕೆ ಎರಡು ಪಂದ್ಯನಾ?"

"ಅಮ್ಮಾ..."

"ಮುಂದಿನ ವರ್ಷ ನಿನಗೆ ಆಟ ಇಲ್ಲ, ವಯಸ್ಸಾಯ್ತು. ಆ ಪೆಟ್ರಿ ಆಫೀಸಲ್ಲಿ ಕುರ್ಚಿ ಕೊಡ್ತಾನಂತೆ, ಜನ ಆಡ್ಕೋತಿದಾರೆ. ಹೌದಾ?"

"ಕರೆದಿದಾರೆ."

"ಹೋಗಿ ಕೂತ್ಕೊ ಹಾಗಾದ್ರೆ. ಇಲ್ಲಿ ಬರ್ಬೇಡ."

ಆರೆಸ್ಟ್ ಬಟ್ಟೆ ತೆಗೆದುಕೊಂಡು ತಮ್ಮನ ಗದ್ದ ಒರೆಸಿದ. ಡಾನಿಲೊ ಅವನನ್ನು ನೋಡಿದ, ಕಿಟಕಿಯನ್ನು ನೋಡುವ ಹಾಗೆ. ಇಬ್ಬರನ್ನೂ ಅಪ್ಪ ಒಂದೇ ಕೊಳದ ಮಂಜುಗಡ್ಡೆಯ ಮೇಲೆ ನಿಲ್ಲಿಸಿ ಸ್ಕೇಟು ಕಲಿಸಿದ್ದ. ಆಗೆಲ್ಲ ಬಿದ್ದಾಗ ಮೊದಲು ನಗುತ್ತಿದ್ದವನು ಡಾನಿಲೊನೇ. ಅದು ನೆನಪಾದರೂ ಆರೆಸ್ಟ್‌ಗೆ ಅಳು ಬರಲಿಲ್ಲ. ಬಟ್ಟೆಯನ್ನು ಮಡಿಸಿಟ್ಟು ಹೊರಟ.

ಪತ್ರಿಕೆಗಳು ಅಣ್ಣನ ಕ್ಷಮಾಗುಣವನ್ನು ಹೊಗಳಿದವು. ಪೆಟ್ರಿಯ ಹೊಸ ನಿಯಮವನ್ನೂ ಹೊಗಳಿದವು. ಆರೆಸ್ಟ್‌ನದೇ ತಂಡದ ಹುಡುಗರು ಮಾತ್ರ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ತಾಯಿ ಫೋನು ಎತ್ತುತ್ತಿರಲಿಲ್ಲ. ಅವನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಹೊತ್ತಿಗೆ ಸರಿಯಾಗಿ ಅಭ್ಯಾಸಕ್ಕೆ ಬಂದ, ಹೋದ.

ಕೀಹೋ ಎರಡು ಪಂದ್ಯ ಹೊರಗೆ ಕುಳಿತ. ಅವನು ಮರಳಿ ಬಂದ ಪಂದ್ಯ ಆರೆಸ್ಟ್‌ನ ತಂಡದ ಮೇಲೇ ಇತ್ತು. ಆಟಕ್ಕೆ ಮುಂಚೆ ಅವನು ಹತ್ತಿರ ಬಂದು, ಕೋಲಿನಿಂದ ಆರೆಸ್ಟ್‌ನ ಕಾಲನ್ನು ಮೆಲ್ಲಗೆ ತಟ್ಟಿದ. "ಡಾನಿಲೊ ಹೇಗಿದಾನೆ?"

"ಹಾಗೇ ಇದಾನೆ."

ಎರಡನೆಯ ಅವಧಿಯಲ್ಲಿ ಪಕ್ ಅಂಚಿಗೆ ಹೋಗಿ ಸಿಕ್ಕಿಕೊಂಡಿತು. ಕೀಹೋ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ಅದನ್ನು ಕೆದಕತೊಡಗಿದ. ಆರೆಸ್ಟ್ ಅಂಕಣದ ನಡುವಿನಿಂದ ಹೊರಟ. ಭುಜ ನೇರ ತಲೆಗೆ ತಗುಲಿತು. ಹೆಲ್ಮೆಟ್ ಹಾರಿತು. ಸ್ಟ್ರೆಚರ್ ಬರುವಷ್ಟರಲ್ಲಿ ಆರೆಸ್ಟ್, ಯಾರೂ ಹೇಳುವ ಮುಂಚೆಯೇ, ಕೈಗವಸು ಕಳಚುತ್ತ ಒಳಗೆ ಹೋಗುತ್ತಿದ್ದ.

ಅದೇ ಕೋಣೆ. ಅದೇ ಪರದೆ. ಪೆಟ್ರಿ ವಿಡಿಯೊವನ್ನು ಒಂದೇ ಸಲ ಹಾಕಿದ.

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ಕೀಹೋಗೆ ತನ್ನ ಹೆಂಡತಿ ಗುರುತೇ ಸಿಗ್ತಿಲ್ಲವಂತೆ," ಎಂದ. "ಎಲ್ಲರ ಮುಂದೆ ಹೇಳಿಬಿಟ್ಟಿದೀನಿ, ಎರಡರ ಮೇಲೆ ಕೊಡೋ ಹಾಗಿಲ್ಲ. ಆದ್ರೆ ಅವತ್ತು ಅಷ್ಟು ದೊಡ್ಡ ಮನಸ್ಸು ಮಾಡಿದೋನು ನೀನು. ಅವನನ್ನ ನೋಡಿದ ತಕ್ಷಣ ತಲೆ ಕೆಟ್ಟುಹೋಯ್ತಾ?"

"ಇಲ್ಲ ಸರ್," ಎಂದ ಆರೆಸ್ಟ್. "ನೀವು ಇಪ್ಪತ್ತು ಕೊಟ್ಟಿದ್ರೆ ಅವನು ನನ್ನ ಕೈಗೆ ಸಿಗ್ತಾನೇ ಇರ್ಲಿಲ್ಲ."